ಅವರದೇನು ತಪ್ಪಿತ್ತು? ಕಿಲ್ಲಾರಿ ಭೂಕಂಪ ಮತ್ತು ಪ್ರಶ್ನೆ ಕೇಳುವ ಅಭ್ಯಾಸ



ಹೋದ ಸೆಪ್ಟೆಂಬರಿನ ಕೊನೆಯ ಭಾನುವಾರ ಪೂಜೆ ಮುಗಿದ ಮೇಲೆ, ಧರ್ಮೋಪದೇಶದ ತರಗತಿಯಲ್ಲಿ ಕಿಲ್ಲಾರಿ ಭೂಕಂಪದಲ್ಲಿ ತೀರಿಹೋದವರಿಗಾಗಿ ಮಕ್ಕಳ ಕೈಯಲ್ಲಿ ಒಂದು ಜಪ ಹೇಳಿಸಿದೆವು. ಪ್ರತಿ ವರ್ಷ ಹೇಳಿಸುತ್ತೇವೆ. ಜಪ ಮುಗಿಯುತ್ತಿದ್ದ ಹಾಗೆ ಐದನೇ ತರಗತಿಯ ಒಬ್ಬ ಹುಡುಗಿ ಕೈ ಎತ್ತಿದಳು.

"ಅಣ್ಣಾ, ಅವ್ರದೇನು ತಪ್ಪಿತ್ತು? ದೇವ್ರು ಸಿಟ್ಟಿಗಿ ಬಂದಿದ್ನಾ?"

ಹಿಂದೆ ಕೂತಿದ್ದ ಹಿರಿಯರೊಬ್ಬರು, "ಏ ಹುಡ್ಗಿ, ದೇವ್ರ ಕೆಲ್ಸಕ್ಕ ಹಂಗೆಲ್ಲಾ ಪ್ರಶ್ನಿ ಕೇಳಬಾರ್ದು, ಕುಂದ್ರು" ಅಂದರು. ಅವಳು ಕೂತಳು. ನಿಜ ಹೇಳಬೇಕೆಂದರೆ ಆ ಕ್ಷಣ ನಮಗೂ ಹಾಯೆನಿಸಿತು, ಯಾಕೆಂದರೆ ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ಆದರೆ ಮನೆಗೆ ಹೋದ ಮೇಲೆ ಆ ಹಾಯೇ ಚುಚ್ಚತೊಡಗಿತು. ಒಂದು ಮಗುವಿನ ಪ್ರಶ್ನೆಯನ್ನು ಕೂರಿಸಿಬಿಟ್ಟೆವಲ್ಲ! ಆಮೇಲಿನ ಕೆಲವು ವಾರ ಯುವಕೂಟದ ನಾವೆಲ್ಲ ಸೇರಿ ಓದಿದೆವು, ಹಿರಿಯರನ್ನು ಕೇಳಿದೆವು. ಈ ಬರಹ ಆ ಹುಡುಗಿಗೆ ನಾವು ಕೊಡಬೇಕಾಗಿದ್ದ ಉತ್ತರ. ತಡವಾಗಿ ಕೊಡುತ್ತಿದ್ದೇವೆ.

ಆ ರಾತ್ರಿ

ನಮ್ಮಲ್ಲಿ ಹೆಚ್ಚಿನವರು ಆಗ ಹುಟ್ಟಿರಲಿಲ್ಲ. 1993ರ ಸೆಪ್ಟೆಂಬರ್ 29 ಅನಂತ ಚತುರ್ದಶಿ. ಊರೂರಲ್ಲಿ ಗಣಪತಿ ಕಳಿಸಿ ಜನ ತಡರಾತ್ರಿ ಮನೆಗೆ ಬಂದು ಮಲಗಿದ್ದರು. 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ನೆಲ ನಡುಗಿತು. ಭೂಕಂಪದ ಪ್ರಮಾಣ 6.2. ಕೇಂದ್ರ ಕಿಲ್ಲಾರಿಯ ಹತ್ತಿರ, ನೆಲದಡಿ ಬಹಳ ಆಳದಲ್ಲೇನಲ್ಲ. ಲಾತೂರ ಜಿಲ್ಲೆಯ ಔಸಾ, ನಿಲಂಗಾ ಕಡೆಯ ಹಳ್ಳಿಗಳು, ಆಗಿನ ಉಸ್ಮಾನಾಬಾದ ಜಿಲ್ಲೆಯ ಉಮರ್ಗಾ ಕಡೆಯ ಸಾಸ್ತೂರದಂಥ ಹಳ್ಳಿಗಳು ಒಂದು ನಿಮಿಷದೊಳಗೆ ಕಲ್ಲುಗುಡ್ಡೆಯಾದವು. ಸತ್ತವರು ಹತ್ತಿರ ಹತ್ತಿರ 10 ಸಾವಿರ. 52 ಹಳ್ಳಿಗಳನ್ನು ಪೂರಾ ಬೇರೆ ಜಾಗಕ್ಕೆ ಸ್ಥಳಾಂತರಿಸಿ ಕಟ್ಟಬೇಕಾಯಿತು.

ನಮ್ಮ ಜಳಕೋಟದಿಂದ ಕಿಲ್ಲಾರಿ ನೂರು ಕಿಲೋಮೀಟರಿನೊಳಗೇ ಇದೆ. ಇಲ್ಲಿಯೂ ಆ ರಾತ್ರಿ ಜನ ಎದ್ದು ಬಯಲಿಗೆ ಓಡಿದ್ದರಂತೆ. "ಗಡಿಗಿ ಮ್ಯಾಲ ಗಡಿಗಿ ಇಟ್ಟದ್ದು ಗಡಗಡ ಅಂದ್ವು, ರೈಲು ಬಂದಂಗ ಸಪ್ಪಳಾತು" ಎಂದು ಒಬ್ಬ ಮುತ್ಯಾ ನಮಗೆ ಹೇಳಿದರು. ಬೆಳಗಾದ ಮೇಲೆ ಜನ ಆಡಿದ ಮಾತೂ ಅವರಿಗೆ ನೆನಪಿದೆ. ಪಾಪ ಹೆಚ್ಚಾಗಿತ್ತು, ದೇವರು ಶಿಕ್ಷೆ ಕೊಟ್ಟ ಅಂತ ಕೆಲವರು. ಆ ಊರಿನವರು ಏನೋ ಮಾಡಿರಬೇಕು ಅಂತ ಇನ್ನು ಕೆಲವರು. ಮಕ್ಕಳನ್ನು ಕಳಕೊಂಡು ಕಲ್ಲಿನ ಮೇಲೆ ಕೂತಿದ್ದ ತಾಯಂದಿರ ಕಿವಿಗೆ ಆ ಮಾತು ಬಿದ್ದಿದ್ದರೆ ಹೇಗಾಗಿರಬೇಡ?

ನಮ್ಮ ಹುಡುಗಿ ಕೇಳಿದ್ದೂ ಇದೇ ಪ್ರಶ್ನೆಯನ್ನು. ವ್ಯತ್ಯಾಸ ಇಷ್ಟೇ: ದೊಡ್ಡವರು ಉತ್ತರವನ್ನೇ ಹೇಳಿ ಮುಗಿಸಿಬಿಟ್ಟಿದ್ದರು, ಅವಳು ಪ್ರಶ್ನೆ ಕೇಳಿದಳು.

ಇದೇ ಪ್ರಶ್ನೆ ಯೇಸುಸ್ವಾಮಿಯ ಮುಂದೆ

ಶುಭಸಂದೇಶದಲ್ಲಿ ಈ ಪ್ರಶ್ನೆ ಎರಡು ಸಲ ಬರುತ್ತದೆ. ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲ, ಇವನದೋ ಇವನ ತಂದೆತಾಯಿಯದೋ ಎಂದು ಗುರುವನ್ನು ಕೇಳುತ್ತಾರೆ. ಯೇಸು ಎರಡನ್ನೂ ಅಲ್ಲಗಳೆಯುತ್ತಾರೆ. ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಸಿಲೋವದ ಗೋಪುರ ಬಿದ್ದು 18 ಜನ ಸತ್ತ ಸುದ್ದಿ ಇದೆ. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರಾಗಿದ್ದರೇ ಎಂದು ಯೇಸುವೇ ಕೇಳಿ, ಇಲ್ಲ ಎಂದು ತಾವೇ ಉತ್ತರಿಸುತ್ತಾರೆ. ಸತ್ತವರ ಲೆಕ್ಕ ಬಿಟ್ಟು ನಿಮ್ಮ ನಿಮ್ಮ ಮನಸ್ಸನ್ನು ತಿರುಗಿಸಿಕೊಳ್ಳಿ ಎಂದು ಬದುಕಿರುವವರಿಗೆ ಹೇಳುತ್ತಾರೆ.

ಗಮನಿಸಿ, ಪ್ರಶ್ನೆ ಕೇಳಿದ್ದಕ್ಕೆ ಅವರು ಯಾರನ್ನೂ ಕೂರಿಸಲಿಲ್ಲ. ಹನ್ನೆರಡು ವರ್ಷದ ಬಾಲಕನಾಗಿದ್ದಾಗ ದೇವಾಲಯದಲ್ಲಿ ಬೋಧಕರ ನಡುವೆ ಕೂತು, ಕೇಳಿಸಿಕೊಳ್ಳುತ್ತ, ಪ್ರಶ್ನೆ ಹಾಕುತ್ತ ಇದ್ದವರು ಅವರು. ಅವರ ತಾಯಿ ಮರಿಯಳೂ ದೇವದೂತನ ಮಾತು ಕೇಳಿ ಮೊದಲು ಇದು ಹೇಗಾದೀತು ಎಂದು ಕೇಳಿದಳು, ಒಪ್ಪಿದ್ದು ಆಮೇಲೆ. ಸಂತ ಥಾಮಸ್ ಅಕ್ವಿನಾಸರ ದೊಡ್ಡ ಗ್ರಂಥ 'ಸುಮ್ಮಾ'ದ ಕಟ್ಟಡವೇ ಪ್ರಶ್ನೆಗಳದ್ದು. ಅದರಲ್ಲಿ ಅವರು ಪ್ರಶ್ನೆಯನ್ನಿಟ್ಟು, ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ವಾದಗಳನ್ನು ಮೊದಲು ಬರೆದು, ನಂತರ ಉತ್ತರಿಸುತ್ತಾರೆ. ದೇವರು ಇದ್ದಾನೆಯೇ ಎಂಬುದನ್ನೂ ಅವರು ಪ್ರಶ್ನೆಯಾಗಿಯೇ ಇಟ್ಟರು. ಪ್ರಶ್ನೆ ಕೇಳಿದರೆ ವಿಶ್ವಾಸ ಕುಸಿಯುತ್ತದೆ ಎಂಬ ಹೆದರಿಕೆ ಅವರಿಗಿರಲಿಲ್ಲ.

ನಮ್ಮ ನೆಲಕ್ಕೂ ಈ ಅಭ್ಯಾಸ ಹೊಸದಲ್ಲ. ಉಮರ್ಗಾದಿಂದ ಬಸವಕಲ್ಯಾಣ ದೂರವೇನಿಲ್ಲ. 12ನೇ ಶತಮಾನದ ಅಲ್ಲಿನ ಶರಣರು ಜಾತಿಯನ್ನು, ಆಚಾರವನ್ನು, ಒಬ್ಬರನ್ನೊಬ್ಬರು ಪ್ರಶ್ನಿಸಿದರು. ಅಕ್ಕಮಹಾದೇವಿ ಬಂದಾಗ ಅಲ್ಲಮಪ್ರಭು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದ್ದನ್ನು, ಅವಳು ಎದೆಗುಂದದೆ ಉತ್ತರಿಸಿದ್ದನ್ನು 'ಶೂನ್ಯಸಂಪಾದನೆ' ಹೇಳುತ್ತದೆ. ಉದಗೀರದಿಂದ ಇನ್ನೊಂದು ದಿಕ್ಕಿಗೆ ಹೋದರೆ ಬೀದರ. ಅಲ್ಲಿ ಮಹಮೂದ್ ಗವಾನ್ 1472ರ ಹೊತ್ತಿಗೆ ಕಟ್ಟಿಸಿದ ಮದರಸಾ ಇವತ್ತಿಗೂ ನಿಂತಿದೆ. 1956ರವರೆಗೆ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲೇ ಇದ್ದವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಆಡಿ ಬೆಳೆದ ನಮಗೆ ಈ ಎಲ್ಲ ಕಡೆಯ ಹಕ್ಕೂ ಇದೆ.

ಲಿಸ್ಬನ್: ಪ್ರಶ್ನಾವಳಿ ಹೋದದ್ದು ಧರ್ಮಕೇಂದ್ರಗಳಿಗೆ

ಓದುತ್ತಾ ಹೋದಾಗ ನಮ್ಮನ್ನು ಹಿಡಿದು ನಿಲ್ಲಿಸಿದ ಒಂದು ಕಥೆ ಪೋರ್ಚುಗಲ್ ದೇಶದ್ದು. 1755ರ ನವೆಂಬರ್ 1, ಸಕಲ ಸಂತರ ಹಬ್ಬ. ಬೆಳಗಿನ ಹೊತ್ತು ಲಿಸ್ಬನ್ ನಗರದ ದೇವಾಲಯಗಳು ಜನರಿಂದ ತುಂಬಿದ್ದವು. ಪೀಠದ ಮೇಲೆ ಮೇಣದಬತ್ತಿಗಳು ಉರಿಯುತ್ತಿದ್ದವು. ಆಗ ಭೂಕಂಪವಾಯಿತು. ಕಲ್ಲಿನ ದೇವಾಲಯಗಳು ಪ್ರಾರ್ಥಿಸುತ್ತಿದ್ದವರ ಮೇಲೆಯೇ ಬಿದ್ದವು. ಸಮುದ್ರ ಉಕ್ಕಿ ಬಂತು. ಬೆಂಕಿ ದಿನಗಟ್ಟಲೆ ಉರಿಯಿತು. ಸಾವಿರಾರು ಜನ ಸತ್ತರು.

ಆಗಲೂ ಇದು ಪಾಪದ ಶಿಕ್ಷೆ ಎಂದು ಬೋಧಿಸಿದವರಿದ್ದರು. ಹಾಗಾದರೆ ಹಬ್ಬದ ದಿನ ದೇವಾಲಯದಲ್ಲಿ ಮೊಣಕಾಲೂರಿದ್ದವರು ಯಾಕೆ ಸತ್ತರು ಎಂಬ ಪ್ರಶ್ನೆ ಇಡೀ ಯುರೋಪನ್ನು ಕಾಡಿತು.

ಅದೇ ಹೊತ್ತಿಗೆ ಇನ್ನೊಂದು ಕೆಲಸವೂ ನಡೆಯಿತು. ಅಲ್ಲಿನ ಮಂತ್ರಿ ಕಾರ್ವಾಲ್ಯೊ, ಮುಂದೆ ಪೊಂಬಾಲ್ ಎಂದು ಹೆಸರಾದವರು, ಒಂದು ಪ್ರಶ್ನಾವಳಿ ತಯಾರಿಸಿ ದೇಶದ ಊರೂರ ಧರ್ಮಕೇಂದ್ರಗಳ ಗುರುಗಳಿಗೆ ಕಳಿಸಿದರು. ಭೂಕಂಪ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತು ಇತ್ತು? ಯಾವ ದಿಕ್ಕಿನಿಂದ ಜೋರಾಗಿ ಬಂದಂತಿತ್ತು? ಎಷ್ಟು ಮನೆ ಬಿದ್ದವು, ಎಷ್ಟು ಜನ ಸತ್ತರು? ನೆಲ ಬಿರಿಯಿತೇ? ಸಮುದ್ರ ಮೊದಲು ಏರಿತೋ ಇಳಿಯಿತೋ? ಹೀಗೆ ಸರಳ ಪ್ರಶ್ನೆಗಳು. ಗುರುಗಳು ತಮ್ಮ ತಮ್ಮ ಊರಿನ ಜನರನ್ನು ಕೇಳಿ ಉತ್ತರ ಬರೆದು ಕಳಿಸಿದರು. ಆ ಉತ್ತರಗಳು ಪೋರ್ಚುಗಲ್‌ನ ದಾಖಲೆ ಭಂಡಾರದಲ್ಲಿ ಇಂದಿಗೂ ಇವೆ. ಎರಡೂವರೆ ಶತಮಾನ ಕಳೆದ ಮೇಲೂ ವಿಜ್ಞಾನಿಗಳು ಆ ಭೂಕಂಪವನ್ನು ತಿಳಿಯಲು ಅವುಗಳನ್ನು ಓದುತ್ತಾರೆ.

ಯಾರ ಪಾಪ ಎಂದು ಕೇಳುವ ಬದಲು ಏನಾಯಿತು, ಎಲ್ಲಿ, ಎಷ್ಟು ಹೊತ್ತು ಎಂದು ಕೇಳಿದ್ದರಿಂದ ದಾರಿ ತೆರೆಯಿತು. 1760ರಲ್ಲಿ ಇಂಗ್ಲೆಂಡಿನ ಜಾನ್ ಮಿಚೆಲ್ ಎಂಬುವರು, ಮುಂದೆ ಒಂದು ಸಭೆಯ ಪಾಲಕರಾದವರು, ಭೂಕಂಪ ನೆಲದೊಳಗೆ ಅಲೆಯಾಗಿ ಸಾಗುತ್ತದೆ ಎಂದು ಬರೆದರು. ಆ ಅಲೆಗಳ ವಿಚಾರದಲ್ಲಿ ನಮ್ಮ ದೇಶದ ಪಾಲೂ ಇದೆ. 1897ರ ಅಸ್ಸಾಂ ಭೂಕಂಪವನ್ನು ಅಭ್ಯಾಸ ಮಾಡಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಆರ್. ಡಿ. ಓಲ್ಡ್‌ಹ್ಯಾಮ್. ದೂರದ ಯಂತ್ರಗಳಲ್ಲಿ ದಾಖಲಾದ ಅಲೆಗಳು ಬೇರೆ ಬೇರೆ ವೇಗದಲ್ಲಿ ಬರುವುದನ್ನು ಅವರು ಗುರುತಿಸಿದರು. ಭೂಮಿಗೆ ಒಳಗೊಂದು ತಿರುಳಿದೆ ಎಂದು 1906ರಲ್ಲಿ ಅಂಥ ಅಲೆಗಳಿಂದಲೇ ತೋರಿಸಿದರು. ಅಮೆರಿಕದ ಯೇಸುಸಭೆಯ ಗುರುಗಳು 1909ರಿಂದ ತಮ್ಮ ಕಾಲೇಜುಗಳಲ್ಲಿ ಭೂಕಂಪ ಅಳೆಯುವ ಒಂದೇ ಬಗೆಯ ಯಂತ್ರಗಳನ್ನಿಟ್ಟು ಒಂದು ಜಾಲವನ್ನೇ ಕಟ್ಟಿದರು. ಪೂಜೆ ಅರ್ಪಿಸುವ ಕೈಗಳೇ ಯಂತ್ರದ ಗೆರೆಗಳನ್ನೂ ಓದುತ್ತಿದ್ದವು.

ಕಿಲ್ಲಾರಿಯಲ್ಲಿ ಕೇಳಿದ ಪ್ರಶ್ನೆಗಳು

ಈಗ ನಮ್ಮ ನೆಲಕ್ಕೆ ಬರೋಣ. ಕಿಲ್ಲಾರಿಯ ಜನ ಭೂಕಂಪಕ್ಕೆ ಮೊದಲೇ ಪ್ರಶ್ನೆ ಕೇಳಿದ್ದರು. 1992ರಿಂದಲೇ ಅಲ್ಲಿ ನೆಲದಡಿಯ ಸಪ್ಪಳ, ಸಣ್ಣ ನಡುಕಗಳು ಶುರುವಾಗಿದ್ದವು. ಆ ವರ್ಷ ಅಕ್ಟೋಬರಿನಲ್ಲಿ ಪ್ರಮಾಣ 4ರ ಆಸುಪಾಸಿನ ನಡುಕವೂ ಬಂತು. ಜನ ಹೆದರಿದರು. ಇದೇನು, ಮುಂದೆ ಏನಾದೀತು ಎಂದು ಕೇಳಿದರು. ಆಮೇಲೆ ನಡುಕ ಕಡಿಮೆಯಾಯಿತು, ಭಯವೂ ಕಡಿಮೆಯಾಯಿತು. ಆಗಿನ ಭೂಕಂಪ ನಕ್ಷೆಯಲ್ಲಿ ಈ ಭಾಗ ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. ದಖ್ಖನದ ಗಟ್ಟಿ ಬಂಡೆಯ ಮೇಲಿದ್ದೇವೆ, ಇಲ್ಲಿ ದೊಡ್ಡದು ಆಗಲಾರದು ಎಂಬ ನಂಬಿಕೆ ಬಲವಾಗಿತ್ತು. 1967ರ ಕೊಯ್ನಾ ಭೂಕಂಪ ಆ ನಂಬಿಕೆಯನ್ನು ಒಮ್ಮೆ ಅಲುಗಾಡಿಸಿತ್ತು. ಆದರೆ ಅಲ್ಲಿ ದೊಡ್ಡ ಜಲಾಶಯವಿತ್ತು, ಅದರ ಕಾರಣ ಬೇರೆ ಎಂದುಕೊಳ್ಳಲಾಯಿತು.

ವಿಜ್ಞಾನದಲ್ಲೂ ಪ್ರಶ್ನೆಯನ್ನು ಕೂರಿಸಿಬಿಡುವ ಉತ್ತರಗಳಿರುತ್ತವೆ ಎಂದು ನಮಗೆ ಇಲ್ಲಿ ತಿಳಿಯಿತು.

1993ರ ನಂತರ ಪ್ರಶ್ನೆಗಳು ಸಾಲುಗಟ್ಟಿದವು. ಮೊದಲನೆಯದು, ಗಟ್ಟಿ ಬಂಡೆಯ ನಡುವೆ ಭೂಕಂಪ ಹೇಗೆ? ನಮ್ಮ ಹೊಲದ ಕರಿಮಣ್ಣು, ಅದರ ಕೆಳಗಿನ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದಿಂದ ಆದದ್ದು. ಈ ಹೊದಿಕೆಯ ಅಡಿಯಲ್ಲಿ ಏನಿದೆ ಎಂಬುದು ಮೇಲಿನಿಂದ ಕಾಣುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಕಿಲ್ಲಾರಿಯಲ್ಲಿ 617 ಮೀಟರ್ ಆಳದ ಕೊಳವೆ ಕೊರೆದರು. ಲಾವಾದ ಪದರ 338 ಮೀಟರಿಗೆ ಮುಗಿಯಿತು. ಅದರ ಕೆಳಗೆ ತೆಳುವಾದ ಒಂದು ಮಣ್ಣಿನ ಪದರ, ಅದರಡಿ ಅತಿ ಹಳೆಯ ಬುನಾದಿ ಬಂಡೆ. ದಕ್ಷಿಣ ಕರ್ನಾಟಕದಲ್ಲಿ ನೆಲದ ಮೇಲೇ ಕಾಣುವ ಬಂಡೆಯ ಬಳಗ ಅದು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನ ಹತ್ತಿ ಫೋಟೋ ತೆಗೆಸಿಕೊಳ್ಳುವ ಗುಂಡಗಿನ ಬಂಡೆ ಇದೆಯಲ್ಲ, ಅದೇ ಜಾತಿಯದು.

ಆ ಹಳೆಯ ಬಂಡೆಯಲ್ಲಿ ಹಳೆಯ ಬಿರುಕುಗಳಿವೆ. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿಯುತ್ತ ಏಶಿಯಾವನ್ನು ಒತ್ತುತ್ತಿದೆ. ಆ ಒತ್ತಡ ಹಿಮಾಲಯದಲ್ಲಷ್ಟೇ ನಿಲ್ಲುವುದಿಲ್ಲ, ಇಡೀ ಫಲಕದೊಳಗೆ ನಿಧಾನವಾಗಿ ಕೂಡುತ್ತ ಹೋಗುತ್ತದೆ. ಎಲ್ಲೋ ಒಂದು ದುರ್ಬಲ ಬಿರುಕು ತಡೆಯಲಾರದೆ ಜಾರುತ್ತದೆ. ಕಿಲ್ಲಾರಿಯಲ್ಲಿ ಒಂದು ಬದಿಯ ಬಂಡೆ ಇನ್ನೊಂದರ ಮೇಲೆ ಏರಿತು. ಅಲ್ಲಿನ ಹೊಲಗಳಲ್ಲಿ ನೆಲ ಉಬ್ಬಿ ಎದ್ದದ್ದನ್ನು ಜನ ಕಣ್ಣಾರೆ ಕಂಡರು. ಮಾಕಣಿಯ ಬಳಿ ತೇರಣಾ ನದಿಗೆ ಕಟ್ಟಿದ ಜಲಾಶಯದ ನೀರಿನ ಪಾಲೂ ಇದರಲ್ಲಿ ಇತ್ತೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ವಾದವಾಗಿದೆ, ಎಲ್ಲರೂ ಒಂದೇ ಮಾತು ಹೇಳುವುದಿಲ್ಲ. ಸಿ. ಪಿ. ರಾಜೇಂದ್ರನ್ ಮತ್ತು ಕುಸಲಾ ರಾಜೇಂದ್ರನ್ ಎಂಬ ವಿಜ್ಞಾನಿಗಳು ಇನ್ನೂ ಹಿಂದಕ್ಕೆ ಹೋಗಿ, ಇಲ್ಲಿ ಮೊದಲೂ ಹೀಗಾಗಿತ್ತೇ ಎಂದು ಹುಡುಕಿದರು. ಹಳೆಯ ತಗರ ನಗರವಾದ ತೇರ್‌ನಲ್ಲಿ ಬಹು ಹಿಂದಿನ ಭೂಕಂಪವೊಂದರ ಗುರುತುಗಳಿವೆ ಎಂದು ಬರೆದರು.

ಎರಡನೆಯ ಪ್ರಶ್ನೆ ನಮಗೆ ಇನ್ನೂ ಮುಖ್ಯವೆನಿಸಿತು. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಎಷ್ಟೋ ಭೂಕಂಪಗಳಲ್ಲಿ ಇಷ್ಟು ಜನ ಸತ್ತಿಲ್ಲ, ಇಲ್ಲಿ ಯಾಕೆ ಸತ್ತರು? ಉತ್ತರ ಗೋಡೆಯಲ್ಲಿತ್ತು. ನಮ್ಮ ಕಡೆಯ ಹಳೆ ಮನೆ ನೆನಪಿಸಿಕೊಳ್ಳಿ. ದಪ್ಪ ಕಲ್ಲಿನ ಗೋಡೆ. ಹೊರಗೊಂದು ಸಾಲು, ಒಳಗೊಂದು ಸಾಲು, ನಡುವೆ ಕಲ್ಲುಚೂರು ಮತ್ತು ಕೆಸರು. ಮೇಲೆ ಮರದ ತೊಲೆ, ಅದರ ಮೇಲೆ ಒಂದು ಮೊಳದಷ್ಟು ಮಣ್ಣು ಹಾಕಿದ ಮಾಳಿಗೆ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಹಿರಿಯರು ಕೆಟ್ಟದ್ದನ್ನೇನೂ ಕಟ್ಟಿರಲಿಲ್ಲ, ಬಿಸಿಲಿಗೆ ಬೇಕಾದ ಮನೆ ಕಟ್ಟಿದ್ದರು. ಆದರೆ ನೆಲ ಅಡ್ಡಡ್ಡ ಅಲುಗಿದಾಗ ಆ ಎರಡು ಸಾಲುಗಳನ್ನು ಹಿಡಿದಿಡುವುದು ಏನೂ ಇರಲಿಲ್ಲ. ಗೋಡೆ ಸೀಳಿ ಹೊರಕ್ಕೆ ಬಿತ್ತು, ಟನ್‌ಗಟ್ಟಲೆ ಮಣ್ಣು ಮಲಗಿದ್ದವರ ಮೇಲೆ ಇಳಿಯಿತು. ಅದೇ ಊರುಗಳಲ್ಲಿ ಗುಡಿಸಲಲ್ಲಿದ್ದ ಬಡವರು ಬಹಳಷ್ಟು ಕಡೆ ಬದುಕಿಕೊಂಡರು. ಹಗುರವಾದ ಚಾವಣಿ ಬಿದ್ದರೂ ಕೊಲ್ಲಲಿಲ್ಲ.

ಪಾಪಕ್ಕೆ ಶಿಕ್ಷೆ ಎಂಬ ಉತ್ತರ ಅಲ್ಲಿಗೇ ಮುಗಿಯುತ್ತದೆ, ಅದರಿಂದ ಒಂದು ಮನೆಯೂ ಗಟ್ಟಿಯಾಗುವುದಿಲ್ಲ. ಗೋಡೆ ಯಾಕೆ ಬಿತ್ತು ಎಂಬ ಪ್ರಶ್ನೆಯಿಂದ ಕೆಲಸ ಶುರುವಾಗುತ್ತದೆ. ಗೋಡೆಯ ಈ ಬದಿಯಿಂದ ಆ ಬದಿಗೆ ದಾಟುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಇಡಿ. ಬಾಗಿಲು ಕಿಟಕಿಗಳ ಮೇಲಿನ ಮಟ್ಟದಲ್ಲಿ ಇಡೀ ಮನೆಯ ಸುತ್ತ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿ ಕಟ್ಟಿ. ಮಾಳಿಗೆಯ ಮಣ್ಣಿನ ಭಾರ ಇಳಿಸಿ. ವಿಶ್ವಬ್ಯಾಂಕಿನ ನೆರವಿನಿಂದ 1994ರಿಂದ ನಡೆದ ಪುನರ್ವಸತಿಯಲ್ಲಿ ಇಂಥ ಪಾಠಗಳನ್ನು ಹಳ್ಳಿಗಳಲ್ಲಿ ಹೇಳಿಕೊಡಲಾಯಿತು. 2002ರಲ್ಲಿ ದೇಶದ ಭೂಕಂಪ ನಕ್ಷೆ ಬದಲಾಯಿತು. 1ನೇ ವಲಯವನ್ನೇ ತೆಗೆದುಹಾಕಿ, ಲಾತೂರ ಭಾಗವನ್ನು 3ನೇ ವಲಯಕ್ಕೆ ಸೇರಿಸಿದರು.

ಉಳಿದುಕೊಂಡ ಪ್ರಶ್ನೆ

ಇಷ್ಟೆಲ್ಲ ಓದಿದ ಮೇಲೆ ಆ ಹುಡುಗಿಗೆ ನಾವು ಏನು ಹೇಳಬೇಕು? ಅವಳ ಮೊದಲನೆಯ ಪ್ರಶ್ನೆಗೆ ಉತ್ತರ ಸ್ಪಷ್ಟ. ಅವರದೇನೂ ತಪ್ಪಿರಲಿಲ್ಲ ತಂಗಿ. ಇದನ್ನು ನಾವಷ್ಟೇ ಅಲ್ಲ, ಯೇಸುಸ್ವಾಮಿಯೇ ಹೇಳಿದ್ದಾರೆ.

ಎರಡನೆಯದು ಕಷ್ಟದ್ದು. ದೇವರು ಸಿಟ್ಟಾಗಿರಲಿಲ್ಲವೆಂದರೆ ಮತ್ತೆ ಯಾಕೆ ತಡೆಯಲಿಲ್ಲ? ನಮ್ಮಲ್ಲಿ ಬಿಎಸ್ಸಿ ಓದಿದವರಿದ್ದೇವೆ. ಬಿರುಕು, ಒತ್ತಡ, ಅಲೆ ಎಂದು ಹಲಗೆಯ ಮೇಲೆ ಚಿತ್ರ ಬರೆದು ತೋರಿಸಬಲ್ಲೆವು. ಆದರೆ ಈ ಪ್ರಶ್ನೆಗೆ ಆ ಚಿತ್ರ ಉತ್ತರವಲ್ಲ. ಬೈಬಲಿನ ಯೋಬನೂ ಇದನ್ನೇ ಕೇಳಿದ. ಅವನ ಮಕ್ಕಳೂ ಮನೆ ಬಿದ್ದೇ ಸತ್ತಿದ್ದರು. ನೀನೇನೋ ಪಾಪ ಮಾಡಿರಬೇಕು ಎಂದು ಗೆಳೆಯರು ವಾದಿಸಿದರು. ಕೊನೆಯಲ್ಲಿ ದೇವರು ಸಿಟ್ಟಾದದ್ದು ಪ್ರಶ್ನೆ ಕೇಳಿದ ಯೋಬನ ಮೇಲಲ್ಲ, ಸಿದ್ಧ ಉತ್ತರ ಹೇಳಿದ ಗೆಳೆಯರ ಮೇಲೆ. ಯೋಬನಿಗೆ ಕಾರಣ ತಿಳಿಯಲಿಲ್ಲ, ಆದರೆ ದೇವರು ಅವನೊಡನೆ ಮಾತಾಡಿದರು. ನಾವೂ ಅಷ್ಟರಲ್ಲೇ ನಿಂತಿದ್ದೇವೆ. ಗೊತ್ತಿಲ್ಲ ಎನ್ನುವುದು ನಾಚಿಕೆಯಲ್ಲ. ಗೊತ್ತಿಲ್ಲದಾಗ ಸತ್ತವರ ಮೇಲೆ ತಪ್ಪು ಹೊರಿಸುವುದು ನಾಚಿಕೆ.

ಈ ವರ್ಷ ಯುವಕೂಟದಿಂದ ಎರಡು ಕೆಲಸ ಮಾಡೋಣ ಅಂದುಕೊಂಡಿದ್ದೇವೆ. ಮೊದಲನೆಯದು, ಲಿಸ್ಬನ್ನಿನ ಗುರುಗಳಂತೆ ನಾವೂ ಒಂದು ಪ್ರಶ್ನಾವಳಿ ಹಿಡಿದು ಮನೆಮನೆಗೆ ಬರುತ್ತೇವೆ. ಆ ರಾತ್ರಿ ನೀವು ಎಲ್ಲಿದ್ದಿರಿ? ಸಪ್ಪಳ ಮೊದಲು ಬಂತೋ ನಡುಕ ಮೊದಲು ಬಂತೋ? ಬಾವಿಯ ನೀರು ಏನಾಯಿತು? ದನಕರು ಏನು ಮಾಡಿದವು? ಬೆಳಿಗ್ಗೆ ಯಾರು ಯಾರಿಗೆ ರೊಟ್ಟಿ ಕಟ್ಟಿಕೊಟ್ಟರು? ಆಗ ದೊಡ್ಡವರಾಗಿದ್ದವರಲ್ಲಿ ಬಹಳ ಜನ ಈಗ ಮುತ್ಯಾ, ಅಮ್ಮಂದಿರಾಗಿದ್ದಾರೆ. ಇನ್ನು ಹತ್ತು ವರ್ಷ ಬಿಟ್ಟು ಕೇಳುತ್ತೇವೆಂದರೆ ಹೇಳುವವರು ಇರಲಿಕ್ಕಿಲ್ಲ. ಕನ್ನಡದಲ್ಲಿ ಹೇಳಿ, ಮರಾಠಿಯಲ್ಲಿ ಹೇಳಿ, ಬರೆದುಕೊಳ್ಳುತ್ತೇವೆ.

ಎರಡನೆಯದು, ಹೊಸ ಮನೆ ಕಟ್ಟುವವರು, ಹಳೆ ಕಲ್ಲಿನ ಗೋಡೆಯ ಮೇಲೆ ಮಾಳಿಗೆ ಏರಿಸುವವರು ಗೌಂಡಿಯನ್ನು ಒಂದು ಪ್ರಶ್ನೆ ಕೇಳಿ: ಸುತ್ತ ಪಟ್ಟಿ ಹಾಕುತ್ತೀಯಾ? ಖರ್ಚು ಸ್ವಲ್ಪ ಹೆಚ್ಚಾದೀತು. 2002ರ ನಕ್ಷೆಯಲ್ಲಿ ನಮ್ಮದು 3ನೇ ವಲಯದ ಪಕ್ಕದ ನೆಲವಾಗಿತ್ತು ಎಂಬುದು ನೆನಪಿರಲಿ.

ಮುಂದಿನ ಭಾನುವಾರ ಆ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ, ಅವಳ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿಸಲಿದ್ದೇವೆ. ಅಂದು ಗದರಿಸಿದ ಹಿರಿಯರಿಗೂ ಬರಲು ಹೇಳಿದ್ದೇವೆ. ಅವರು ನಕ್ಕು, "ಬರ್ತೀನಪಾ, ನನಗೂ ಒಂದು ಪ್ರಶ್ನಿ ಅದ, ಮೂವತ್ತು ವರ್ಷದಿಂದ ಅದ" ಅಂದರು.

ನೀವೂ ನಿಮ್ಮ ಪ್ರಶ್ನೆಗಳೊಂದಿಗೆ ಬನ್ನಿ.